ಅಟ್ಟದಿಂದ ಇಳಿಸಿದ ಸ್ಟಿರಿಯೊ ಗುಜರಿಗೆ ಹಾಕಬೇಕಾ?

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಹೈಸ್ಕೂಲ್ ಶಿಕ್ಷಕ. 1991ರಲ್ಲಿ ಸೊಸೈಟಿ ಸಾಲ ತೆಗೆದು ಒಂದು ಸ್ಟಿರಿಯೊ ಆಂಪ್ಲಿಫೈಯರ್ ಮತ್ತು ಎಂಟು ಇಂಚಿನ ವೂಫರ್ (ತಗ್ಗು ಸ್ವರ ನುಡಿಸುವ ಭಾಗ) ಇರುವ ಎರಡು ಸ್ಪೀಕರ್ ಕೊಂಡಿದ್ದೆ. ಚಾನೆಲ್‌ಗೆ 40 ವ್ಯಾಟ್. ಜೊತೆಗೆ ತಂದೆಯವರ ಕಾಲದ ರೆಕಾರ್ಡ್ ಪ್ಲೇಯರ್, ನೂರೈವತ್ತರಷ್ಟು ಎಲ್‌ಪಿ, ಒಂದು ಟ್ರಂಕ್ ತುಂಬ ಹಳೆಯ 78 ಆರ್‌ಪಿಎಂ ಪ್ಲೇಟುಗಳಿವೆ. ಹೆಚ್ಚಿನವು ಮನ್ಸೂರ್, ಗಂಗೂಬಾಯಿ, ಭೀಮಸೇನ ಜೋಶಿ. ಹನ್ನೆರಡು ವರ್ಷ ಎಲ್ಲ ಅಟ್ಟದ ಮೇಲಿತ್ತು. ಹೋದ ತಿಂಗಳು ಇಳಿಸಿ ಹಚ್ಚಿದೆ. ಎಡಗಡೆ ಸ್ಪೀಕರ್ ಗರಗರ ಅನ್ನುತ್ತದೆ. ರೆಕಾರ್ಡ್ ಹಾಕಿದರೆ ಹಿಂದೆ 'ಗುಂಯ್' ಅಂತ ಒಂದೇ ಶ್ರುತಿ. ಮಗ ಬೆಂಗಳೂರಿನಿಂದ ಬಂದವನು ನಕ್ಕು, 'ಇದೆಲ್ಲ ಔಟ್‌ಡೇಟೆಡ್, ವೈಫೈ ಸ್ಪೀಕರ್ ತಗೊಳ್ಳಿ' ಅಂದ. ಅಂಗಡಿಯವರು 'ಈಗ ಎಲ್ಲ ಕ್ಲಾಸ್ ಡಿ ಡಿಜಿಟಲ್ ಆಂಪ್ಲಿಫೈಯರ್, ಹೈ-ರೆಸ್. ನಿಮ್ಮದು ಹೈಫೈ ಲೆಕ್ಕಕ್ಕೇ ಬರಲ್ಲ' ಅಂದರು. ಗೆಳೆಯರೊಬ್ಬರು 'ವಾಲ್ವ್ ಆಂಪ್ಲಿಫೈಯರ್ ಮುಂದೆ ಯಾವುದೂ ಇಲ್ಲ' ಅನ್ನುತ್ತಾರೆ. ನನ್ನ ಹತ್ತಿರ 1.5 ಲಕ್ಷ ರೂಪಾಯಿ ಇದೆ. ಪಡಸಾಲೆ 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ, ನೆಲಕ್ಕೆ ಶಹಾಬಾದಿ ಫರಸಿ. ಸ್ಪೀಕರ್ ಎರಡೂ ಮೂಲೆಯಲ್ಲಿವೆ, ನಾನು ಎದುರು ಗೋಡೆಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ತಬಲಾದ ಡಗ್ಗಾ ಮನೆ ತುಂಬ ಗುಮ್ಮೆನ್ನುತ್ತದೆ, ಚೀಜಿನ, ಅಂದರೆ ಬಂದಿಶಿನ, ಮಾತು ಮಸುಕಾಗಿ ಕೇಳುತ್ತದೆ. ಆಧುನಿಕ ತಂತ್ರಜ್ಞಾನ ಅಂದರೆ ಈಗ ಯಾವುದು? ಇದನ್ನೆಲ್ಲ ಗುಜರಿಗೆ ಹಾಕಲಾ?

ಉತ್ತರ: ಮೇಷ್ಟ್ರೇ, ಗುಜರಿಗೆ ಹಾಕಬೇಡಿ. ಅದನ್ನು ಮೊದಲೇ ಹೇಳಿಬಿಟ್ಟೆ, ಇನ್ನು ನಿಧಾನವಾಗಿ ಮಾತಾಡೋಣ. ಒಂದೇ ಕೋರಿಕೆ: ರಿಪೇರಿ ಆಗುವವರೆಗೆ ಆ ಸೆಟ್ ಹಚ್ಚಬೇಡಿ, ಆ ರೆಕಾರ್ಡ್ ಪ್ಲೇಯರ್ ಮೇಲೆ ಮನ್ಸೂರರನ್ನು ಇಡಲೇಬೇಡಿ. ಯಾಕೆ ಅಂತ ಮುಂದೆ ಬರುತ್ತದೆ.

ನಿಮಗೆ ಸಲಹೆ ಕೊಟ್ಟ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಅದಕ್ಕೇ ತಲೆ ಕೆಟ್ಟಿರುವುದು. ಮಗನಿಗೆ ಹೊಸದು ಅಂದರೆ ಫೋನಿನಿಂದ ನಡೆಯಬೇಕು. ಅಂಗಡಿಯವರಿಗೆ ಹೊಸದು ಅಂದರೆ ಡಬ್ಬದ ಮೇಲಿನ ಸ್ಟಿಕರ್. ಗೆಳೆಯರಿಗೆ ಹೊಸದೇ ಬೇಡ. ನಾನು ಮೂವತ್ತು ವರ್ಷದಿಂದ ಬೆಂಗಳೂರಿನಲ್ಲಿ ಆಂಪ್ಲಿಫೈಯರ್, ಸ್ಪೀಕರ್ ಬಿಚ್ಚಿ ಜೋಡಿಸುತ್ತಾ ಕೂತವನು. ನನ್ನ ಬೆಂಚಿನ ಮೇಲಿಂದ ನೋಡಿದರೆ ಹೈಫೈನಲ್ಲಿ ಅರ್ಧ ಪಾಠ ಎಷ್ಟೋ ವರ್ಷದ ಹಿಂದೆಯೇ ಮುಗಿದಿದೆ. ಇನ್ನರ್ಧದಲ್ಲಿ ನಿಜವಾಗಿಯೂ ಹೊಸದು ಬಂದಿದೆ. ಅಂಗಡಿಯಲ್ಲಿ ಜಾಸ್ತಿ ಮಾರುವುದು ಮಾತ್ರ ಮುಗಿದ ಪಾಠವನ್ನೇ, ಹೊಸ ರಟ್ಟು ಹಾಕಿ.

ಸ್ಪೀಕರನ್ನೇ ತಗೊಳ್ಳಿ. ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ತಾಮ್ರದ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕೋನ್. ಇದನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್, 1925ರಲ್ಲಿ. ನೂರು ವರ್ಷ ಆಯಿತು. ನಿಮ್ಮ ಮಗ ಹೇಳುವ ವೈಫೈ ಸ್ಪೀಕರ್ ಒಳಗೂ ಕೂತಿರುವುದು ಇದೇ. ಡಬ್ಬ ಎಷ್ಟು ದೊಡ್ಡದಿರಬೇಕು, ಬಾಸ್ ಎಲ್ಲಿಯವರೆಗೆ ಇಳಿಯುತ್ತದೆ ಅನ್ನುವ ಲೆಕ್ಕವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಬರೆದಿಟ್ಟರು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಪೂರ್ತಿ ಮಾಡಿದರು. ಇವತ್ತೂ ಸ್ಪೀಕರ್ ಮಾಡುವವರು ಮೊದಲು ಹಾಕುವುದು ಅದೇ ಲೆಕ್ಕ.

ಈಗ 'ಕ್ಲಾಸ್ ಡಿ ಡಿಜಿಟಲ್'. ಡಿ ಅಂದರೆ ಡಿಜಿಟಲ್ ಅಂತ ಅಲ್ಲವೇ ಅಲ್ಲ. ಎ, ಬಿ, ಸಿ ಅಂತ ಮೂರು ಬಗೆಗೆ ಹೆಸರಿಟ್ಟಾಗಿತ್ತು, ಮುಂದಿನ ಅಕ್ಷರ ಡಿ, ಅಷ್ಟೇ. ನಿಮ್ಮ ಆಂಪ್ಲಿಫೈಯರ್‌ನಲ್ಲಿ ಟ್ರಾನ್ಸಿಸ್ಟರ್ ನೀರಿನ ನಲ್ಲಿಯ ಹಾಗೆ ಕೆಲಸ ಮಾಡುತ್ತದೆ. ಸ್ವಲ್ಪ ತಿರುಗಿಸಿದರೆ ಸ್ವಲ್ಪ ಕರೆಂಟು, ಜಾಸ್ತಿ ತಿರುಗಿಸಿದರೆ ಜಾಸ್ತಿ. ಆ ಎಳೆದಾಟದಲ್ಲಿ ಬಿಸಿಯಾಗುತ್ತದೆ. ಕ್ಲಾಸ್ ಡಿಯಲ್ಲಿ ಅದೇ ಟ್ರಾನ್ಸಿಸ್ಟರ್ ಬರೀ ಸ್ವಿಚ್ಚು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್, ಆಫ್. ಪ್ರತಿ ಸಲ ಎಷ್ಟು ಹೊತ್ತು ಆನ್ ಇತ್ತು ಅನ್ನುವುದರಲ್ಲಿ ಸಂಗೀತ ಅಡಗಿರುತ್ತದೆ. ಕೊನೆಗೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಸ್ವಿಚ್ಚಿನ ಗದ್ದಲವನ್ನು ಸೋಸಿ, ಹಾಡನ್ನು ಮಾತ್ರ ಸ್ಪೀಕರಿಗೆ ಬಿಡುತ್ತವೆ. ಇದೂ ಹೊಸ ಕಲ್ಪನೆ ಏನಲ್ಲ. 1964ರಲ್ಲೇ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ಇಂಥ ಆಂಪ್ಲಿಫೈಯರ್ ಕಿಟ್ ಮಾರಿತ್ತು. ಆಗಿನ ಟ್ರಾನ್ಸಿಸ್ಟರ್‌ಗಳಿಗೆ ಅಷ್ಟು ವೇಗ ಇರಲಿಲ್ಲ, ಕೈಕೊಟ್ಟಿತು. ಈಗಿನ ಮಾಸ್‌ಫೆಟ್ ಅನ್ನುವ ಬಗೆಯ ಟ್ರಾನ್ಸಿಸ್ಟರ್‌ಗಳಿಗೆ ಆ ವೇಗ ಇದೆ. ಒಳ್ಳೆಯ ಕ್ಲಾಸ್ ಡಿ ತಗೊಂಡ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಸ್ಪೀಕರಿಗೇ ಕೊಡುತ್ತದೆ, ಅಂಗೈಯಷ್ಟು ಜಾಗದಲ್ಲಿ ಕೂರುತ್ತದೆ, ಕೈಸುಡುವುದಿಲ್ಲ. ಅದು ನಿಜವಾದ ಪ್ರಗತಿ. ಆದರೆ ನಿಮ್ಮ ಕಿವಿಗೆ ಅದರಿಂದ ಏನು ಸಿಗುತ್ತದೆ ಅಂತ ಕೇಳಿದರೆ, ನಿಮ್ಮ ಹಳೆಯದು ಆರೋಗ್ಯವಾಗಿದ್ದ ಪಕ್ಷದಲ್ಲಿ, ಹೆಚ್ಚೇನೂ ಇಲ್ಲ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಸ್ವಂತ ಮರ್ಯಾದೆ ಕಳೆದುಕೊಂಡು ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ಅಂಗಡಿಯಲ್ಲಿ ಮೇಜಿಗೆ ಅಡ್ಡ ಒಂದು ಬೆಡ್‌ಶೀಟ್ ಕಟ್ಟಿ, ಹಿಂದೆ ಎರಡು ಆಂಪ್ಲಿಫೈಯರ್ ಇಟ್ಟೆವು. ಒಂದು ನಾನೇ ಹೆಮ್ಮೆಯಿಂದ ಜೋಡಿಸಿದ ದೊಡ್ಡದು, ಇನ್ನೊಂದು ಒಂದೇ ಚಿಪ್ಪಿನ ಅಗ್ಗದ್ದು. ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟೇಜನ್ನೂ ಒಂದೇ ಮಟ್ಟಕ್ಕೆ ತಂದೆವು. ಅದಕ್ಕೆ 100 ಹರ್ಟ್ಸ್ ಟೋನ್ ಹಾಕಿದ್ದೆವು, ಯಾಕೆಂದರೆ ಅಗ್ಗದ ಮೀಟರುಗಳು ಮನೆ ಕರೆಂಟಿನ 50 ಹರ್ಟ್ಸ್ ಆಸುಪಾಸಿನಲ್ಲಿ ಮಾತ್ರ ಸರಿ ತೋರಿಸುತ್ತವೆ. ಹುಡುಗ ಹಿಂದೆ ನಿಂತು ತನಗಿಷ್ಟ ಬಂದ ಹಾಗೆ ಬದಲಾಯಿಸುತ್ತಿದ್ದ. ಇಪ್ಪತ್ತು ಸಲದಲ್ಲಿ ನಾನು ಸರಿ ಹೇಳಿದ್ದು ಹನ್ನೊಂದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಮೀಟರ್ ಹಿಡಿಯದೆ ಕೇಳಿದಾಗ ಮಾತ್ರ ನನ್ನದೇ ಚೆನ್ನಾಗಿತ್ತು. ಅದು ಕೂದಲೆಳೆಯಷ್ಟು ಜೋರಾಗಿತ್ತು, ಅದೇ ಗುಟ್ಟು. ಸ್ವಲ್ಪ ಜೋರಾದದ್ದನ್ನು ಕಿವಿ 'ಜೋರು' ಅನ್ನುವುದಿಲ್ಲ, 'ಇಂಪು' ಅನ್ನುತ್ತದೆ. ಶೋರೂಮಿನಲ್ಲಿ ಎರಡು ಸೆಟ್ ಹೋಲಿಸಿ ತೋರಿಸುವಾಗ ಇದನ್ನು ನೆನಪಿಟ್ಟುಕೊಳ್ಳಿ.

ನಿಮ್ಮ 40 ವ್ಯಾಟ್ ಕಡಿಮೆ ಅಂತ ಯಾರಾದರೂ ಅಂದರೆ ಅದಕ್ಕೂ ಬಗ್ಗಬೇಡಿ. ಸಾಧಾರಣ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಹತ್ತಿರ ಸದ್ದು ಮಾಡುತ್ತದೆ. ಮನೆಯಲ್ಲಿ ಕೇಳುವಾಗ ಬಹುಪಾಲು ಹೊತ್ತು ನಡೆಯುವುದು ಒಂದು ವ್ಯಾಟಿನೊಳಗೆ. 40 ಇದ್ದದ್ದು 80 ಆದರೆ ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ಟೂ-ಇನ್-ಒನ್ ಡಬ್ಬಗಳ ಮೇಲೆ '2000 ವ್ಯಾಟ್ ಪಿಎಂಪಿಒ' (ಕ್ಷಣಮಾತ್ರದ ಗರಿಷ್ಠ ಅನ್ನುವ ಲೆಕ್ಕ) ಅಂತ ಬರೆದು ಮಾರುತ್ತಿದ್ದ ಕಾಲ ನಿಮಗೆ ನೆನಪಿರಬೇಕು. ಹಿಂದೆ ತಿರುಗಿಸಿ ನೋಡಿದರೆ ಗೋಡೆಯಿಂದ ಎಳೆಯುವುದೇ 30 ವ್ಯಾಟ್ ಇರುತ್ತಿತ್ತು!

ಹೈ-ರೆಸ್, ಅಂದರೆ ಸಿ.ಡಿ.ಗಿಂತ ಸೂಕ್ಷ್ಮ ಅಳತೆಯ ಧ್ವನಿ, ಅನ್ನುವ ಸ್ಟಿಕರ್ ವಿಷಯವೂ ಹೆಚ್ಚು ಕಡಿಮೆ ಇದೇ ಜಾತಿ. ಸಿ.ಡಿ. ಬಂದದ್ದು 1982ರಲ್ಲಿ. ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೆ 16 ಬಿಟ್. ಇದರಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಎಲ್ಲ ಸದ್ದೂ ಹಿಡಿಯುತ್ತದೆ. ಮನುಷ್ಯನ ಎಳೆಯ ಕಿವಿಯ ಮಿತಿ 20. ನನ್ನ ನಿಮ್ಮ ವಯಸ್ಸಿಗೆ 12 ದಾಟಿದ ಮೇಲೆ ಕೇಳಿಸಿದರೆ ಅದೃಷ್ಟ. ಆ ಚಿನ್ನದ ಬಣ್ಣದ ಸ್ಟಿಕರ್ ಕೇಳುವುದು 40 ಕಿಲೋಹರ್ಟ್ಸ್. ನಿಮ್ಮ ಮನೆ ಬೆಕ್ಕಿಗೆ ಉಪಯೋಗ ಆಗಬಹುದು. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಅನ್ನುವ ಇಬ್ಬರು ಹೈ-ರೆಸ್ ಧ್ವನಿಯನ್ನು ನಡುವೆ ಸಿ.ಡಿ. ಮಟ್ಟಕ್ಕೆ ಇಳಿಸಿ, ಕೇಳುಗರಿಗೆ ಗೊತ್ತಾಗುತ್ತದಾ ಅಂತ ಐನೂರಕ್ಕೂ ಹೆಚ್ಚು ಸಲ ಪರೀಕ್ಷೆ ಮಾಡಿದರು. ಸರಿ ಉತ್ತರ ಬಂದದ್ದು ಅರ್ಧದಷ್ಟು. ನನ್ನ ಬೆಡ್‌ಶೀಟ್ ಪರೀಕ್ಷೆಯ ಹಾಗೆಯೇ.

ಆ ಕಡೆ 'ಅನಲಾಗ್ (ಸದ್ದನ್ನು ಅಂಕಿ ಮಾಡದೆ ಅಲೆಯಾಗೇ ಇಡುವುದು) ಮಾತ್ರ ಶುದ್ಧ' ಅನ್ನುವವರಿಗೂ ಒಂದು ಪೆಟ್ಟು ಬಿದ್ದಿದೆ. ಮೊಬೈಲ್ ಫಿಡೆಲಿಟಿ ಅನ್ನುವ ಅಮೆರಿಕದ ರೆಕಾರ್ಡ್ ಕಂಪನಿಯ ದುಬಾರಿ ಎಲ್‌ಪಿಗಳನ್ನು ಅನಲಾಗ್ ಭಕ್ತರು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದು ಎಷ್ಟೋ ವರ್ಷದಿಂದ ನಡುವೆ ಡಿಜಿಟಲ್ ಹಂತ ಬಳಸುತ್ತಿತ್ತು ಅಂತ 2022ರಲ್ಲಿ ಬಯಲಾಯಿತು. ಅಲ್ಲಿಯವರೆಗೆ ಕೇಳಿ ಕಂಡುಹಿಡಿದವರಿಲ್ಲ.

ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ವಾಲ್ವ್ ಬಗ್ಗೆ ನಿಮ್ಮ ಗೆಳೆಯರಿಗೆ ನಾನು ಬೈಯುವುದಿಲ್ಲ. ಅವರಿಗೆ ಕೇಳಿಸುವ ಇಂಪು ಭ್ರಮೆಯಲ್ಲ, ಅಳೆದರೂ ಸಿಗುತ್ತದೆ. ವಾಲ್ವ್ ಆಂಪ್ಲಿಫೈಯರ್ ಮೂಲದಲ್ಲಿ ಇಲ್ಲದ ಸ್ವರವನ್ನು ಸ್ವಲ್ಪ ಸೇರಿಸುತ್ತದೆ. ಜಾಸ್ತಿ ಸೇರುವುದು ಎರಡನೇ ಹಾರ್ಮೋನಿಕ್. ಅಂದರೆ ಷಡ್ಜ ಹಾಡಿದರೆ ಮೇಲಿನ ಸಪ್ತಕದ ಷಡ್ಜ ಮೆತ್ತಗೆ ಜೊತೆಗೂಡುತ್ತದೆ. ಮೂರನೆಯದು ಬಂದರೂ ಅದು ಮೇಲಿನ ಪಂಚಮ. ತಂಬೂರಿಯ ಸಹವಾಸ ಇರುವ ಕಿವಿಗೆ ಷಡ್ಜ ಪಂಚಮ ಸೇರಿದರೆ ಹಿತವೇ ಅಲ್ವಾ? ಆದರೆ ಹೈಫೈ ಅಂದರೆ ಮೂಲಕ್ಕೆ ನಿಷ್ಠೆ. ಆ ಅರ್ಥದಲ್ಲಿ ಇದು ನಿಷ್ಠೆಯಲ್ಲ, ಒಗ್ಗರಣೆ. ಒಗ್ಗರಣೆ ಇಷ್ಟ ಅನ್ನುವವರು ಹಾಕಿಕೊಳ್ಳಲಿ. ಅಪಾಯ ಮಾತ್ರ ತಿಳಿದಿರಲಿ: ಒಳಗೆ 300-400 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕಾದು ಕೂತಿರುತ್ತದೆ. ಪವರ್ ವಾಲ್ವ್‌ಗಳು ಕೆಲವು ಸಾವಿರ ಗಂಟೆಗೆ ಸವೆಯುತ್ತವೆ, ಹೊಸದು ಹೊರದೇಶದಿಂದ ಬರಬೇಕು. ಹತ್ತು ವ್ಯಾಟಿನೊಳಗಿನ ಸಣ್ಣ ವಾಲ್ವ್ ಸೆಟ್ ತಂದರೆ ನಿಮ್ಮ ಸ್ಪೀಕರ್ ಜೊತೆ ಏರು ತಾನಿನಲ್ಲಿ ಏದುಸಿರು ಬಿಡುತ್ತದೆ. 1.5 ಲಕ್ಷವನ್ನು ಅಲ್ಲಿ ಸುರಿಯಬೇಡಿ ಅನ್ನುವುದು ನನ್ನ ಮಾತು.

ಹಾಗಾದರೆ ಹೊಸದು ಯಾವುದು? ನನ್ನ ಲೆಕ್ಕದಲ್ಲಿ ಮೊದಲನೆಯದು ಅಳತೆ. 1980ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್, ಆಮೇಲೆ ಅವರ ಜೊತೆ ಶಾನ್ ಆಲಿವ್, ಸ್ಪೀಕರುಗಳನ್ನು ಪರದೆ ಹಿಂದೆ ಇಟ್ಟು ಜನರಿಗೆ ಕೇಳಿಸಿದರು. ಜನ ಮೆಚ್ಚಿದ ಸ್ಪೀಕರಿನಲ್ಲಿ ಏನು ಸಾಮಾನ್ಯ ಅಂತ ಹುಡುಕಿದರು. ಎದುರಿಗೆ ಬರುವ ಸದ್ದು ಸಮವಾಗಿದ್ದರೆ ಸಾಲದು, ಪಕ್ಕಕ್ಕೆ, ಮೇಲಕ್ಕೆ, ಹಿಂದಕ್ಕೆ ಹೋಗುವ ಸದ್ದೂ ಅದೇ ಗುಣದ್ದಾಗಿರಬೇಕು ಅಂತ ಗೊತ್ತಾಯಿತು. ಯಾಕೆಂದರೆ ಆ ಸದ್ದೂ ಗೋಡೆಗೆ ಬಡಿದು ನಿಮ್ಮ ಕಿವಿಗೇ ಬರುತ್ತದೆ. ಈಗ ಒಳ್ಳೆಯ ಕಂಪನಿಗಳು ಎಲ್ಲ ದಿಕ್ಕಿಗೂ ಅಳೆದು ಸ್ಪೀಕರ್ ಮಾಡುತ್ತವೆ. ಇವತ್ತು ಅರವತ್ತು ಸಾವಿರಕ್ಕೆ ಸಿಗುವ ಒಂದು ಒಳ್ಳೆ ಜೋಡಿ, 1991ರ ಬಹಳಷ್ಟು ದೊಡ್ಡ ಸ್ಪೀಕರುಗಳಿಗಿಂತ ಗಾಯಕರ ಕಂಠವನ್ನು ಸಹಜವಾಗಿ ನುಡಿಸುವುದು ಇದರಿಂದಲೇ. ಅಂಗಡಿಯವರು ಇದನ್ನು ಹೇಳಿದ್ದರೆ ನಾನು ಒಪ್ಪುತ್ತಿದ್ದೆ.

ಎರಡನೆಯದು, ಕೋಣೆಯ ತಪ್ಪನ್ನು ಮೈಕಿನಲ್ಲಿ ಅಳೆದು, ಲೆಕ್ಕ ಹಾಕಿ ಕಡಿಮೆ ಮಾಡುವ ಡಿಎಸ್‌ಪಿ, ಅಂದರೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಇದು ನಿಮ್ಮ 1991ರ ಮನೆಯಲ್ಲಿ ಕನಸಿನಲ್ಲೂ ಇರಲಿಲ್ಲ. ಮೂರನೆಯದು ಇಡೀ ಭಂಡಾರ ಮನೆಗೆ ಬರುವ ಸ್ಟ್ರೀಮಿಂಗ್. ಅದರ ಬಗ್ಗೆ ನಿಮ್ಮ ಮಗ ಹೇಳಿದ್ದು ಸರಿ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಇದ್ಯಾವುದರ ಮೇಲೂ ಅಲ್ಲ. 'ಸ್ಪೀಕರ್ ಮೂಲೆಯಲ್ಲಿ, ಕುರ್ಚಿ ಗೋಡೆಗೆ, ನೆಲಕ್ಕೆ ಫರಸಿ' ಅನ್ನುವ ಸಾಲಿನ ಮೇಲೆ. ಪಡಸಾಲೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. 'ಠಣ್' ಅಂತ ಒಂದು ಬಾಲ ಕೇಳಿಸುತ್ತದೆ. ಆ ಬಾಲ ಪ್ರತಿ ಅಕ್ಷರಕ್ಕೂ ಅಂಟಿಕೊಳ್ಳುತ್ತದೆ, ಅದಕ್ಕೇ ಚೀಜಿನ ಮಾತು ಮಸುಕು. ಇನ್ನು ಡಗ್ಗಾ. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ. ನಿಮ್ಮ ಕೋಣೆಯ ಉದ್ದ 4.57 ಮೀಟರ್. ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ: 37.5 ಹರ್ಟ್ಸ್. ಅಗಲಕ್ಕೆ ಅದೇ ಲೆಕ್ಕ ಹಾಕಿದರೆ 47, ಎತ್ತರಕ್ಕೆ 56. ಅವುಗಳ ಇಮ್ಮಡಿ 75, 94, 112. ಈ ಶ್ರುತಿಗಳಲ್ಲಿ ನಿಮ್ಮ ಪಡಸಾಲೆಯೇ ಒಂದು ವಾದ್ಯ. ಡಗ್ಗಾದ ಗುಂಗು ಅಲ್ಲೇ ಎಲ್ಲೋ ಬೀಳುತ್ತದೆ, ಕೋಣೆ ಅದನ್ನು ಹಿಡಿದು ಎಳೆಯುತ್ತದೆ. ಸ್ಪೀಕರ್ ಮೂಲೆಯಲ್ಲಿದ್ದರೆ ಈ ಎಲ್ಲ ಶ್ರುತಿಗಳಿಗೂ ಪೂರ್ತಿ ಬಲ. ನೀವು ಎದುರು ಗೋಡೆಗೆ ಒರಗಿ ಕೂತರೆ, ಆ ಎರಡು ಗೋಡೆಗಳ ನಡುವಿನ ಶ್ರುತಿಗಳು ಅತಿ ಜೋರಾಗಿ ಕೇಳುವ ಜಾಗದಲ್ಲೇ ನಿಮ್ಮ ಕಿವಿ. ಎರಡು ಲಕ್ಷದ ಸ್ಪೀಕರ್ ತಂದು ಅದೇ ಮೂಲೆಯಲ್ಲಿಟ್ಟರೆ ಇನ್ನೂ ಚೆನ್ನಾಗಿ ಗುಮ್ಮೆನ್ನುತ್ತದೆ.

ಇದಕ್ಕೆ ಮೊದಲ ಮದ್ದು ಪುಕ್ಕಟೆ. ಸ್ಪೀಕರುಗಳನ್ನು ಮೂಲೆಯಿಂದ ಎರಡು ಅಡಿ ಈಚೆ ತನ್ನಿ, ಹಿಂದಿನ ಗೋಡೆಯಿಂದಲೂ ಒಂದೂವರೆ ಎರಡು ಅಡಿ. ಕುರ್ಚಿಯನ್ನು ಗೋಡೆಯಿಂದ ನಾಲ್ಕೈದು ಅಡಿ ಮುಂದಕ್ಕೆ ಎಳೆಯಿರಿ. ಸರಿಯಾಗಿ ಮಧ್ಯಕ್ಕೆ ಮಾತ್ರ ಬೇಡ, ಅಲ್ಲಿ ಬಾಸ್ ಬಡವಾಗುತ್ತದೆ. ಟ್ವೀಟರ್, ಅಂದರೆ ಏರು ಸ್ವರ ನುಡಿಸುವ ಸಣ್ಣ ಭಾಗ, ಕಿವಿಯ ಮಟ್ಟಕ್ಕಿರಲಿ. ನೆಲಕ್ಕೆ ಜಮಖಾನೆ ಹಾಸಿ. ನವಲಗುಂದ ನಿಮಗೆ ದೂರವೇನಲ್ಲ. ಜಮಖಾನೆ ಚಪ್ಪಾಳೆಯ 'ಠಣ್' ಅನ್ನು ಕುಡಿಯುತ್ತದೆ, ಡಗ್ಗಾದ ಗುಂಗಿಗೆ ಮಾತ್ರ ಅದು ಏನೂ ಮಾಡಲ್ಲ. ಅದಕ್ಕೆ ದಪ್ಪ ಬೇಕು. ಹತ್ತಿ ಗಾದಿಗಳನ್ನು ಸುತ್ತಿ ಹಿಂದಿನ ಮೂಲೆಗಳಲ್ಲಿ ನಿಲ್ಲಿಸಿ ನೋಡಿ. ಪುಸ್ತಕ ತುಂಬಿದ ಕಪಾಟೂ ಸದ್ದನ್ನು ಚದುರಿಸುತ್ತದೆ. ಮೇಷ್ಟ್ರ ಮನೆ, ಪುಸ್ತಕಕ್ಕೆ ಬರ ಇರಲಿಕ್ಕಿಲ್ಲ.

ಈಗ ನಿಮ್ಮ ಸೆಟ್. ಎಡಗಡೆ ಸ್ಪೀಕರಿನ ಮುಂದಿನ ಬಟ್ಟೆಯ ಜಾಳಿಗೆ ತೆಗೆಯಿರಿ. ವೂಫರಿನ ಕೋನ್ ಸುತ್ತ ಬಳೆಯ ಹಾಗೆ ಒಂದು ಮೆತ್ತನೆಯ ಅಂಚು ಇರುತ್ತದೆ. ಬೆರಳ ತುದಿಯಲ್ಲಿ ಮೆಲ್ಲಗೆ ಮುಟ್ಟಿ. ರಬ್ಬರ್ ಆಗಿದ್ದರೆ ಹಾಗೇ ಬಾಗುತ್ತದೆ. ಫೋಮ್ ಆಗಿದ್ದರೆ, ನನ್ನ ಊಹೆ ಅದೇ, ಬೆರಳಿಗೆ ಕಪ್ಪಗೆ ಅಂಟಂಟು ಹತ್ತುತ್ತದೆ ಇಲ್ಲವೇ ಹಳೇ ಕೇಕಿನ ಹಾಗೆ ಪುಡಿಪುಡಿ ಉದುರುತ್ತದೆ. ಪಾಲಿಯುರೆಥೇನ್ ಫೋಮು ಗಾಳಿಯ ತೇವಕ್ಕೆ ತಾನಾಗೇ ಕರಗುವ ವಸ್ತು. ನುಡಿಸಿದರೂ ಅಷ್ಟೇ, ಅಟ್ಟದ ಮೇಲಿಟ್ಟರೂ ಅಷ್ಟೇ. ಧಾರವಾಡದ ಮಳೆಗಾಲ ಸಾಕು. ಅಂಚು ಹೋದ ಕೋನ್ ಸೊಟ್ಟಗೆ ಓಡಾಡುತ್ತದೆ, ಒಳಗಿನ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತದೆ. ಆ ಗರಗರ ಅದೇ. ಹಾಗೇ ನುಡಿಸುತ್ತಾ ಹೋದರೆ ಸುರುಳಿಯೇ ಸುಡುತ್ತದೆ, ಆಮೇಲೆ ವೂಫರ್ ಹೋದಂತೆ. ಹಚ್ಚಬೇಡಿ ಅಂದದ್ದು ಇದಕ್ಕೇ. ಹೊಸ ಅಂಚು ಅಂಟಿಸುವುದು ಸಣ್ಣ ಕೆಲಸ. ನಮ್ಮಲ್ಲಿ ಎರಡೂ ವೂಫರಿಗೆ ಸೇರಿ ಐದು ಸಾವಿರದೊಳಗೆ ಆಗುತ್ತದೆ. ಬಲಗಡೆಯದು ಈಗ ಸರಿ ಇದ್ದರೂ ಜೊತೆಗೇ ಮಾಡಿಸಿ, ಅದಕ್ಕೂ ಅದೇ ವಯಸ್ಸು. ಈ ಸಲ ರಬ್ಬರ್ ಅಂಚು ಹಾಕೋಣ ಅಂತ ಕೆಲವರು ಹೇಳುತ್ತಾರೆ. ಬೇಡ. ಅದು ಭಾರ, ವೂಫರಿನ ಲೆಕ್ಕವೇ ಬದಲಾಗುತ್ತದೆ. ಫೋಮಿಗೆ ಫೋಮೇ ಇರಲಿ.

'ಗುಂಯ್' ಸದ್ದು ರೆಕಾರ್ಡ್ ಹಾಕಿದಾಗ ಮಾತ್ರ ಅಂದಿರಿ. ಹಾಗಾದರೆ ಆಂಪ್ಲಿಫೈಯರ್ ಮೇಲೆ ತಪ್ಪು ಹೊರಿಸುವ ಮುನ್ನ ರೆಕಾರ್ಡ್ ಪ್ಲೇಯರಿನ ಹಿಂದೆ ನೋಡಿ. ಎರಡು ಸಿಗ್ನಲ್ ವಯರಿನ ಜೊತೆ ಒಂದು ಸಣ್ಣ ಒಂಟಿ ವಯರ್, ತುದಿಗೆ ಕವಲು ಇರುವುದು, ಇರುತ್ತದೆ. ಆಂಪ್ಲಿಫೈಯರ್ ಹಿಂದಿನ 'ಗ್ರೌಂಡ್' ಸ್ಕ್ರೂಗೆ ಅದನ್ನು ಬಿಗಿಯಬೇಕು. ಅಟ್ಟದಿಂದ ಇಳಿದ ಹತ್ತರಲ್ಲಿ ಐದು ಸೆಟ್ಟಿಗೆ ನಾನು ಮಾಡಿದ ರಿಪೇರಿ ಇಷ್ಟೇ. ಮೆಕ್ಯಾನಿಕ್ ಹಚ್ಚಿ ನೋಡಿದಾಗ, ಅದು ಬಿಗಿದ ಮೇಲೂ, ಒಳಬರುವ ಎಲ್ಲ ಸಿಗ್ನಲ್ ವಯರ್ ಕಿತ್ತ ಮೇಲೂ ಗುಂಯ್ ಇದ್ದರೆ ಆಗ ಆಂಪ್ಲಿಫೈಯರಿನ ದೊಡ್ಡ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತ. ಒಂದು ಮಾತ್ರ ಮಾಡಬೇಡಿ: ಗುಂಯ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಕತ್ತರಿಸುವುದು. ಸದ್ದು ಹೋಗಬಹುದು, ಜೀವವೂ ಹೋಗಬಹುದು.

ಮೆಕ್ಯಾನಿಕ್ ಹತ್ತಿರ ಕೊಟ್ಟಾಗ, ಮೊದಲ ಸಲ ಸೀರೀಸ್ ಬೋರ್ಡಿನ (ಕರೆಂಟಿನ ದಾರಿಯಲ್ಲಿ ಒಂದು ಬಲ್ಬ್ ಕೂರಿಸಿದ ಬೋರ್ಡು) ಮೂಲಕ ಹಚ್ಚಲು ಹೇಳಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ಆದರೂ ಸೆಟ್ ಉಳಿಯಿತು. ಕೆಪಾಸಿಟರ್ ಬದಲಾಯಿಸುವಾಗ 105 ಡಿಗ್ರಿ ಬಿಸಿ ತಾಳುವವು ಹಾಕಲಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ ಅಂದರೆ ಎಚ್ಚರ, ಹಳೇ ನಂಬರಿನ ನಕಲಿಗಳು ಮಾರುಕಟ್ಟೆಯಲ್ಲಿ ತುಂಬಿವೆ. ಒಂದು ವಾರದಲ್ಲಿ ಮತ್ತೆ ಸುಟ್ಟು, ಜೊತೆಗೆ ವೂಫರನ್ನೂ ಕರೆದುಕೊಂಡು ಹೋಗುತ್ತವೆ.

ರೆಕಾರ್ಡ್ ಪ್ಲೇಯರಿಗೆ ಹೊಸ ಸ್ಟೈಲಸ್ (ಮುಳ್ಳು), ಹೊಸ ಬೆಲ್ಟ್ ಆಗುವವರೆಗೆ ಪ್ಲೇಟ್ ಇಡಬೇಡಿ. ಸವೆದ ವಜ್ರದ ತುದಿ ಉಳಿಯ ಹಾಗೆ ಕೆತ್ತುತ್ತದೆ. ಅದು ಹಾಳುಮಾಡಿದ ಗೀರನ್ನು ಯಾವ ಆಧುನಿಕ ತಂತ್ರಜ್ಞಾನವೂ ಸರಿ ಮಾಡಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಸ್ಪೀಕರ್ ಅಂಚು, ಆಂಪ್ಲಿಫೈಯರ್ ಸರ್ವಿಸ್, ಸ್ಟೈಲಸ್, ಜಮಖಾನೆ. ಎಲ್ಲ ಸೇರಿ ಇಪ್ಪತ್ತೈದು ಸಾವಿರ ದಾಟಲಿಕ್ಕಿಲ್ಲ. ಆಮೇಲೆ ಇಂಟರ್ನೆಟ್ಟಿನಿಂದ ಹಾಡು ತರುವ ಒಂದು ಸಣ್ಣ ಸ್ಟ್ರೀಮರ್ ಡಬ್ಬಿ, ಹದಿನೈದು ಸಾವಿರದ ಆಸುಪಾಸು, ಒಳಗೆ ಈಕ್ವಲೈಜರ್ (ಬೇಕಾದ ಶ್ರುತಿಯನ್ನಷ್ಟೇ ಏರಿಸಿ ಇಳಿಸುವ ಸೌಲಭ್ಯ) ಇರುವಂಥದ್ದು. ನಿಮ್ಮ ಆಂಪ್ಲಿಫೈಯರ್ ಹಿಂದಿನ ಆಕ್ಸ್ ಕಿಂಡಿಗೆ ಚುಚ್ಚಿದರೆ ಮುಗಿಯಿತು, ಮಗನ ವೈಫೈ ಬಂತು. ಬ್ಲೂಟೂತ್‌ಗಿಂತ ವೈಫೈ ಯಾಕೆ ಅಂದರೆ ಅದರಲ್ಲಿ ಡಬ್ಬಿಯೇ ಹಾಡನ್ನು ಎಳೆದುಕೊಳ್ಳುತ್ತದೆ. ಬ್ಲೂಟೂತ್‌ನಲ್ಲಿ ಫೋನ್ ನುಡಿಸುತ್ತದೆ, ವಿಲಂಬಿತ್ ಮಧ್ಯೆ ಯಾರೋ ಸಾಲ ಬೇಕಾ ಅಂತ ಫೋನ್ ಮಾಡುತ್ತಾರೆ. ಮಗ ಮುಂದಿನ ಸಲ ಬಂದಾಗ ಲ್ಯಾಪ್‌ಟಾಪಿಗೆ ಅಳತೆಯ ಯುಎಸ್‌ಬಿ ಮೈಕ್ ಹಾಕಿ, 'ರೂಮ್ ಇಕ್ಯೂ ವಿಜರ್ಡ್' ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಪಡಸಾಲೆ ಅಳೆಯಲಿ. ಉಬ್ಬಿದ ಶ್ರುತಿಗಳನ್ನು ಈಕ್ವಲೈಜರಿನಲ್ಲಿ ತಗ್ಗಿಸಬಹುದು. ತಗ್ಗಿದ ಕಡೆ ತುಂಬಲು ಹೋಗಬೇಡಿ, ಕೋಣೆ ಅದನ್ನು ನುಂಗುತ್ತಲೇ ಇರುತ್ತದೆ, ಸುಮ್ನೆ ಆಂಪ್ಲಿಫೈಯರ್ ದಣಿಯುತ್ತದೆ. ಒಂದು ಮಿತಿ ಇದೆ: ಈ ತಿದ್ದುಪಡಿ ಸ್ಟ್ರೀಮರಿನ ಹಾಡಿಗೆ ಮಾತ್ರ. ರೆಕಾರ್ಡಿಗೂ ಬೇಕಾದರೆ ಸ್ಟ್ರೀಮರಿಗೆ ಲೈನ್-ಇನ್ (ಹೊರಗಿನ ಸಿಗ್ನಲ್ ಒಳತಗೊಳ್ಳುವ ಕಿಂಡಿ) ಇರಬೇಕು, ಪ್ಲೇಯರಿಗೆ ಅದರ ಸಣ್ಣ ಸಿಗ್ನಲ್ ಹಿಗ್ಗಿಸುವ ಬೇರೆ ಫೋನೋ ಪ್ರೀಆಂಪ್ ಬೇಕು.

ಇನ್ನೊಂದು ದಾರಿ, ಎಲ್ಲ ಬಿಟ್ಟು ಒಳಗೇ ಆಂಪ್ಲಿಫೈಯರ್, ಡಿಎಸ್‌ಪಿ, ವೈಫೈ ಇರುವ ಆ್ಯಕ್ಟಿವ್ ಸ್ಪೀಕರ್ ಜೋಡಿ ತರುವುದು. ಧ್ವನಿಯ ಲೆಕ್ಕದಲ್ಲಿ ಇವತ್ತಿನ ನಿಜವಾದ ಆಧುನಿಕ ತಂತ್ರಜ್ಞಾನ ಅದೇ, ಮುಚ್ಚುಮರೆ ಇಲ್ಲ. 1.5 ಲಕ್ಷಕ್ಕೆ ಒಳ್ಳೆಯದೇ ಸಿಗುತ್ತದೆ. ಅಪಾಯ ಇರುವುದು ಬಾಳಿಕೆಯಲ್ಲಿ. ಬೋರ್ಡ್ ಹೋದರೆ ಹುಬ್ಬಳ್ಳಿಯಲ್ಲಿ ರಿಪೇರಿ ಇಲ್ಲ, ಕಂಪನಿಯ ಬೋರ್ಡೇ ಬರಬೇಕು, ನನ್ನ ಬೆಂಚಿನ ಮೇಲೆ ಆರು ತಿಂಗಳಿಂದ ಕಾಯುತ್ತಿರುವ ಜೋಡಿ ಇದೆ. ಸಾಫ್ಟ್‌ವೇರ್ ಬೇರೆ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ ಅನ್ನುವ ಪುಟ್ಟ ಡಬ್ಬಿಗಳು 2025ರ ಮಾರ್ಚಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಪ್ರಪಂಚದಾದ್ಯಂತ ನಿಂತವು. ಯಂತ್ರ ಕೆಟ್ಟಿರಲಿಲ್ಲ, ಒಳಗಿನ ಒಂದು ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಕೆಲವು ದಿನದಲ್ಲಿ ಸರಿಯಾಯಿತು, ಅದು ಬೇರೆ ಮಾತು. ಅದಕ್ಕೇ ನನ್ನ ಸಲಹೆ: ಬೇಗ ಹಳತಾಗುವ ಭಾಗ ಹದಿನೈದು ಸಾವಿರದ ಬೇರೆ ಡಬ್ಬಿಯಲ್ಲಿರಲಿ. ಅದು ಸತ್ತರೆ ಅದನ್ನಷ್ಟೇ ಬದಲಾಯಿಸಬಹುದು.

ಸೌಂಡ್‌ಬಾರ್ ಟಿವಿಗೆ ಸರಿ. ಮನ್ಸೂರರಿಗೆ ಬೇಡ.

ಉಳಿದ ಒಂದು ಲಕ್ಷ ಹಾಗೇ ಇರಲಿ. ಆರು ತಿಂಗಳು ಕೇಳಿ. ಕೋಣೆ ಸರಿಯಾದ ಮೇಲೂ ಕಂಠ ಡಬ್ಬದೊಳಗಿಂದ ಬಂದ ಹಾಗೆ ಅನಿಸಿದರೆ ಆಗ ಹೊಸ ಸ್ಪೀಕರ್ ಜೋಡಿಗೆ ಮಾತ್ರ ಹಾಕಿ, ಆಂಪ್ಲಿಫೈಯರ್ ಹಳೆಯದೇ ಸಾಕು. ಕೊಳ್ಳುವ ಮುನ್ನ ಮನೆಗೆ ತಂದು ಕೇಳಲು ಬಿಡುವ ಅಂಗಡಿ ಹುಡುಕಿ.

ಟ್ರಂಕಿನಲ್ಲಿರುವ 78ರ ಪ್ಲೇಟುಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವುಗಳ ಮೇಲೆ ಬೂಷ್ಟು ಬಂದಿರುತ್ತದೆ. ಎಲ್‌ಪಿ ಸ್ವಚ್ಛ ಮಾಡುವ ಸ್ಪಿರಿಟ್ ದ್ರಾವಣ ತಾಗಿಸಬೇಡಿ. ಅವು ಅರಗಿನ ಪ್ಲೇಟುಗಳು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಹಾಡೂ ಅದರ ಜೊತೆ ಹೋಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ, ಗೀರಿನ ದಿಕ್ಕಿನಲ್ಲೇ ಒರೆಸಿ, ನಿಲ್ಲಿಸಿ ಒಣಗಿಸಿ. ಅವಕ್ಕೆ ಎಲ್‌ಪಿಯ ಸ್ಟೈಲಸ್ ಕೂಡ ಆಗಲ್ಲ, ಅಗಲ ತುದಿಯದು ಬೇರೆ ಬೇಕು. ವೂಫರ್ ಬಿಚ್ಚಿದಾಗ ಅದರ ಹಿಂದಿನ ನಂಬರ್, ಕೋನಿನ ಅಳತೆ, ಫೋಮ್ ಅಂಚಿನ ಹೊರ ಒಳ ಅಳತೆ ಬರೆದು ಕಳಿಸಿ. ಎಂಟು ಇಂಚು ಅಂತ ಹೇಳಿದರೆ ಸಾಲದು, ಎಂಟು ಇಂಚಿನಲ್ಲೇ ನಾಲ್ಕು ಬಗೆಯ ಅಂಚು ಇವೆ.